ಒಂದು ಅಟ್ಟಕ್ಕಾಗಿ

ಹೇಮಗುಡ್ಡದ ಬುಡದ ದೊಡ್ಡಾಟದ ಮೇಳ ನಮ್ಮದು. ದಸರೆಯಲ್ಲಿ ದುರ್ಗಾ ಪರಮೇಶ್ವರಿಯ ಅಂಬಾರಿ ಮೆರವಣಿಗೆ ನೋಡಲು ಇಲ್ಲಿಗೆ ಸುತ್ತಲ ಊರಿನ ಜನ ಕೂಡುತ್ತಾರೆ. ಕಂಪಿಲರಾಯ, ಕುಮಾರರಾಮರ ಕಥೆ ಹೇಮಗುಡ್ಡ, ಕುಮ್ಮಟದುರ್ಗದ ಸೀಮೆಯಲ್ಲಿ ಇಂದಿಗೂ ಜನರ ಬಾಯಲ್ಲಿದೆ. 1327ರಲ್ಲಿ ದೆಹಲಿಯ ಸೈನ್ಯಕ್ಕೆ ಸೋತ ಅವರ ಸಣ್ಣ ರಾಜ್ಯದ ಕಾಳಗವನ್ನು ನಾವು ರಾತ್ರಿಯಿಡೀ ಆಡುತ್ತೇವೆ. ನಾನು ಮೊದಲು ಸ್ತ್ರೀಪಾತ್ರ ಹಾಕುತ್ತಿದ್ದೆ, ಆಮೇಲೆ ಸಾರಥಿಯಾದೆ, ಈಗ ತಾಲೀಮು ಕಲಿಸುವ ಮಾಸ್ತರ.

ಅಟ್ಟಕ್ಕಾಗಿ ಅಲೆಯಲು ಹಚ್ಚಿದ್ದು ಒಂದು ಆಟ. ಖಾಲಿ ಡಾಂಬರ್ ಡ್ರಮ್ಮುಗಳ ಮೇಲೆ ಸೆಂಟ್ರಿಂಗ್ ಹಲಗೆ ಹಾಸಿ, ಹಗ್ಗ ಬಿಗಿದು ಅಟ್ಟ ಕಟ್ಟಿದ್ದೆವು. ನಸುಕಿನ ಹೊತ್ತು, ಕಾಳಗದ ಕುಣಿತ ಏರಿತ್ತು. ಕುಮಾರರಾಮನ ಪಾತ್ರಧಾರಿ ಹೆಜ್ಜೆ ಕುಟ್ಟಿದ ರಭಸಕ್ಕೆ ಹಲಗೆಯೊಂದು ಸೀಳಿತು. ಅವನ ಬಲಗಾಲು ತೊಡೆಯವರೆಗೆ ಒಳಗಿಳಿಯಿತು, ಮೈ ಮುಂದಕ್ಕೆ ಬಿತ್ತು. ಮದ್ದಲೆ ನಿಂತಾಗ ಅವನ ನರಳಾಟ ಕೇಳಿಸಿತು. ಭುಜಕೀರ್ತಿ ಬಿಚ್ಚದೆ ಟಂಟಂನೊಳಗೆ ಅವನು ಹಿಡಿಸುವಂತಿರಲಿಲ್ಲ. ಗಂಟು ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು, ಕೊನೆಗೆ ಕುಡುಗೋಲಿನಿಂದ ದಾರ ಕೊಯ್ದೆವು. ಮುಖದ ಬಣ್ಣದಲ್ಲೇ ಆಸ್ಪತ್ರೆಗೆ ಒಯ್ದೆವು. ಮೊಳಕಾಲ ಕೆಳಗಿನ ಎಲುಬು ಎರಡಾಗಿತ್ತು. ಅವನು ನಡೆಯುವಂತಾದ, ಆದರೆ ಮತ್ತೆ ಗೆಜ್ಜೆ ಕಟ್ಟಲಿಲ್ಲ.

ಗಟ್ಟಿ ಅಟ್ಟವಿಲ್ಲದೆ ಇನ್ನು ಹುಡುಗರನ್ನು ಕುಣಿಸುವುದಿಲ್ಲವೆಂದು ಮೇಳದವರೆಲ್ಲ ಕೂತು ತೀರ್ಮಾನಿಸಿದೆವು. ಆದರೆ ಕಟ್ಟಲು ಜಾಗವೆಲ್ಲಿ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಈ ಕಡೆ ಭತ್ತದ ನಾಡಾಯಿತು. ಬಯಲಾಗಿ ಉಳಿಯುವ ಹೊಲ ಕಡಿಮೆಯಾಯಿತು, ಕಣಗಳು ಹೋದವು, ಊರಂಚಿನ ಬಯಲು ಪ್ಲಾಟುಗಳಾದವು. ಉಳಿದದ್ದು ಸಮೀಪದ ಪಟ್ಟಣದ ಸಾರ್ವಜನಿಕ ಉದ್ಯಾನ. ಅದರ ಮೂಲೆಯಲ್ಲಿ ಜಾಲಿ ಬೆಳೆದ ಜಾಗ ಕೇಳಿ ಪಟ್ಟಣದ ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟೆವು.

"ಮಾಸ್ತರ, ಪಾರ್ಕಿನಾಗ ಕಟ್ಟಡ ಅಂದ್ರ ನಾಳೆ ಕೋರ್ಟಿಗೆ ಹೋಗ್ತದ. ನಾ ಸಹಿ ಮಾಡಂಗಿಲ್ರಿ" ಅಂದರು ಅಲ್ಲಿನ ಗುಮಾಸ್ತರು. ಅವರ ಮಾತಿನಲ್ಲಿ ಹುರುಳಿತ್ತು. ಉದ್ಯಾನ, ಆಟದ ಮೈದಾನಗಳನ್ನು ಕಾಯಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಅದಿಲ್ಲದಿದ್ದರೆ ಆ ಮೂಲೆಯಲ್ಲಿ ಎಂದೋ ಅಂಗಡಿ ಮಳಿಗೆ ಎದ್ದಿರುತ್ತಿತ್ತು. ಹಾಗಾಗಿ ಸಭಾಭವನದ ಮಾತು ಬಿಟ್ಟು, ಕಟ್ಟೆ ಮತ್ತು ಹಿಂಗೋಡೆ ಮಾತ್ರ ಕೇಳಿದೆವು. ಮರ ಕಡಿಯುವುದಿಲ್ಲ, ಬಾಗಿಲು ಹಚ್ಚುವುದಿಲ್ಲ, ಆಟವಿಲ್ಲದ ದಿನ ಮಕ್ಕಳು ಅಲ್ಲೇ ಆಡಲಿ ಎಂದು ಬರೆದುಕೊಟ್ಟೆವು. ಒಪ್ಪಿಗೆ ಸಿಕ್ಕಿತು.

ಹಣದ ದಾರಿ ಇನ್ನೂ ಕಠಿಣ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಸ್ಥಳೀಯ ಸಂಸ್ಥೆಯ ಅನುದಾನ, ಹೀಗೆ ಬಾಗಿಲುಗಳಿವೆ. ಪ್ರತಿ ಬಾಗಿಲಲ್ಲೂ ಶಾಲೆಯ ಕೋಣೆ, ಚರಂಡಿ, ಕುಡಿಯುವ ನೀರು ನಮಗಿಂತ ಮುಂದೆ ನಿಂತಿರುತ್ತವೆ. ಅವುಗಳನ್ನು ಸರಿಸಿ ನಮಗೆ ಕೊಡಿ ಎನ್ನಲು ಬಾಯಿ ಬರುವುದಿಲ್ಲ. ಕೊನೆಗೆ ಒಂದು ಕಡೆ ಹಣ ಮಂಜೂರಾಯಿತು. ಅಂದಾಜು ಪತ್ರಿಕೆ, ತಾಂತ್ರಿಕ ಮಂಜೂರಾತಿ, ಟೆಂಡರ್ ಎನ್ನುತ್ತ ಮಾರ್ಚ್ 31 ದಾಟಿತು, ಹಣ ವಾಪಸ್ ಹೋಯಿತು. ಆ ದಿನ ಬಸ್ ನಿಲ್ದಾಣದಲ್ಲಿ ಕೂತು ಅತ್ತಿದ್ದೇನೆ. ಮರುವರ್ಷ ಮತ್ತೆ ಮೊದಲಿನಿಂದ ಅರ್ಜಿ.

ಎರಡನೇ ಸಲ ಹಣ ಮಂಜೂರಾಗಿ ನಕಾಶೆ ಕೈಗೆ ಬಂದಾಗ ಎದೆ ಒಡೆಯಿತು. ಅಟ್ಟ ಪೂರ್ವಕ್ಕೆ ಮುಖ ಮಾಡಿತ್ತು. ದೊಡ್ಡಾಟದ ಮಂಗಳವಾಗುವುದು ಬೆಳಗಾದ ಮೇಲೆ. ರಾತ್ರಿಯಿಡೀ ಕುಣಿದು ದಣಿದ ಕಣ್ಣಿಗೆ ಹುಟ್ಟುವ ಸೂರ್ಯ ನೇರ ಬಡಿದರೆ ಪಾತ್ರಧಾರಿಗೆ ಎದುರಾಳಿಯ ಕತ್ತಿ ಕಾಣದು. ನೆಲ ನುಣುಪು ಗ್ರಾನೈಟು, ಬೆವರಿದ ಬರಿಗಾಲು ಅದರ ಮೇಲೆ ನಿಲ್ಲದು. ಹಿಂಗೋಡೆಯೇ ಇರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ ಸಡಿಲಿಕೆ ಕೊಟ್ಟರೂ ಮಧ್ಯರಾತ್ರಿ 12ರವರೆಗೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಅಂದಮೇಲೆ ನಮ್ಮ ಕೊರಳೇ ಜನರನ್ನು ಮುಟ್ಟಬೇಕು. ಬೆನ್ನಿಗೆ ಗೋಡೆಯಿಲ್ಲದಿದ್ದರೆ ಮಾತು ಹಿಂದಿನ ಬಯಲಿಗೆ ಸೋರಿಹೋಗುತ್ತದೆ.

ಎಂಜಿನಿಯರರನ್ನು ತಾಲೀಮಿಗೆ ಕರೆದೆವು. ಅವರು ಬಂದರು, ಹಿಮ್ಮೇಳದವರ ಪಕ್ಕದಲ್ಲೇ ಕೂತರು. ಹುಡುಗರು ಕುಣಿಯುವಾಗ ನೆಲ ಅದುರುವುದನ್ನು ಅಂಗೈ ಊರಿ ನೋಡಿದರು. ಕಾಗದ ಹೊರತೆಗೆದು ಅಲ್ಲೇ ತಿದ್ದಿದರು. ಅಟ್ಟ ಉತ್ತರಕ್ಕೆ ತಿರುಗಿತು, ಹಿಂಗೋಡೆ ಎದ್ದಿತು, ಒಂದು ಬದಿಗೆ ಬಣ್ಣ ಹಚ್ಚಿಕೊಳ್ಳಲು ಮರೆ ಬಂತು. ಬೆಂಗಳೂರಿನ ಸಂಸ ಬಯಲು ರಂಗಮಂದಿರದಲ್ಲಿ ಜನ ಮೆಟ್ಟಿಲ ಮೇಲೆ ಕೂತು ನೋಡುವುದನ್ನು ಹೇಳಿದಾಗ, ಇಲ್ಲಿನ ಇಳಿಜಾರಿಗೂ ಕಲ್ಲಿನ ಮೆಟ್ಟಿಲು ಬರೆದರು. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಆಟದವರ ಪರದೆ ಕಟ್ಟಲು ಗೋಡೆಯಲ್ಲಿ ಕಬ್ಬಿಣದ ಕೊಂಡಿ ಇರಲಿ ಎಂದಾಗ ಅದನ್ನೂ ಸೇರಿಸಿದರು.

ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತು. ಬಿಲ್ಲು ತಡವಾಯಿತೆಂದು ಗುತ್ತಿಗೆದಾರರು ಸಾಮಾನು ಎತ್ತಿಕೊಂಡು ಹೋದರು. ಒಂದು ಮಳೆಗಾಲವಿಡೀ ಕಟ್ಟೆಯ ಮೇಲೆ ಸರಳುಗಳು ತುಕ್ಕು ಹಿಡಿದು ನಿಂತಿದ್ದವು. "ದುಡ್ಡು ಎಲ್ಲಿ ಹೋತು ಮಾಸ್ತರ?" ಎಂದು ಸಂತೆಯಲ್ಲಿ ಕೇಳಿದವರಿದ್ದಾರೆ. ಒಂದು ಪೈಸೆಯೂ ನಮ್ಮ ಕೈ ಮುಟ್ಟಿರಲಿಲ್ಲ. ಆದರೂ ಆ ಪ್ರಶ್ನೆ ಹೊತ್ತು ಮನೆಗೆ ಬಂದ ರಾತ್ರಿ ಊಟ ಸೇರಲಿಲ್ಲ. ಕೆಲಸ ಮತ್ತೆ ಶುರುವಾಗಿ ಕಟ್ಟೆ, ಗೋಡೆ ಮುಗಿದವು. ಕುಣಿಯುವ ಹಲಗೆಗೆ ಮಾತ್ರ ಅಂದಾಜಿನಲ್ಲಿ ಜಾಗವಿರಲಿಲ್ಲ. ಊರೂರು ಪಟ್ಟಿ ಎತ್ತಿದೆವು. ಭತ್ತ ಮಾರಿದ ರೈತರು ಕೊಟ್ಟರು, ನಾಟಿ ಹಚ್ಚುವ ಹೆಣ್ಣುಮಕ್ಕಳು ಕೂಲಿಯಲ್ಲಿ ಉಳಿಸಿ ಕೊಟ್ಟರು. ಕಾಲು ಮುರಿದ ನಮ್ಮ ಗೆಳೆಯನೇ ಬಡಿಗರ ಜೊತೆ ಕೂತು ಪ್ರತಿ ಹಲಗೆಯನ್ನು ಬಡಿದು ನೋಡಿ ಆರಿಸಿದ.

ಈಗ ಅಲ್ಲಿ ಆಟವಾಗುತ್ತಿದೆ, ಶಾಲೆಯ ಮಕ್ಕಳ ನಾಟಕವೂ ಆಗುತ್ತಿದೆ. ಆದರೆ ಕರೆಂಟಿನ ಮೀಟರು ಯಾರ ಹೆಸರಿಗೆ, ಹಲಗೆ ಕೆಟ್ಟರೆ ಯಾವ ಲೆಕ್ಕದಿಂದ ರಿಪೇರಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕಟ್ಟಲು ಸಿಗುವ ಅನುದಾನ ಕಾಪಾಡಲು ಸಿಗುವುದಿಲ್ಲ. ಬೇರೆ ಊರಿನವರು ಸಲಹೆ ಕೇಳಲು ಬಂದಾಗ ನಾನು ಹೇಳುವುದಿಷ್ಟು: ಆಡುವವರು ನೋಡಿ ಒಪ್ಪಿದ ಮೇಲೆಯೇ ನಕಾಶೆಗೆ ಸಹಿಯಾಗಲಿ, ಮೊದಲ ಅಂದಾಜಿನಲ್ಲೇ ಹಲಗೆಯ, ದೀಪದ, ದುರಸ್ತಿಯ ಖರ್ಚು ಬರೆಸಿ. ಇಷ್ಟು ಮೊದಲೇ ಆಗಿದ್ದರೆ ನಮ್ಮ ಅಲೆದಾಟದ ಅರ್ಧ ಭಾಗ ತಪ್ಪುತ್ತಿತ್ತು. ನಿಮ್ಮದಾದರೂ ತಪ್ಪಲಿ.