ಫ್ಲೈಓವರ್ ನೆರಳಿನಲ್ಲಿ ಬೂರಿನ ಬುಟ್ಟಿ

ಉಡುಪಿಗೆ, ಕಾಸರಗೋಡಿಗೆ, ಪಡೀಲು ದಾಟಿ ಬೆಂಗಳೂರಿಗೆ, ಕಂಕನಾಡಿ ಹತ್ತಿ ಪೇಟೆಗೆ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ನಿಂತರೆ ಎಲ್ಲ ದಿಕ್ಕಿನ ಬಸ್ಸೂ ಸಿಗುತ್ತದೆ. ಕಾಗದದಲ್ಲಿ ಇದು ಮಹಾವೀರ ವೃತ್ತ. ಕಂಡಕ್ಟರ್ ಕೂಗುವುದು ಪಂಪ್‌ವೆಲ್ ಎಂದೇ. ವರ್ಷಗಟ್ಟಲೆ ಕುಂಟುತ್ತಾ ಸಾಗಿ 2020ರ ಜನವರಿ 31ರಂದು ತೆರೆದುಕೊಂಡ ಫ್ಲೈಓವರ್‌ನ ಕೆಳಗೆ ಬಸ್ಸು ಕಾಯುತ್ತಿದ್ದೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಕಣ್ಣು ಒಂದು ಜೋಡಿ ಕೈಗಳಲ್ಲಿ ಸಿಕ್ಕಿಬಿದ್ದಿತ್ತು.

ಕೊರಗ ಸಮುದಾಯದ ಅಜ್ಜಿ. ಮುಂದೆ ಮಾರಲಿಟ್ಟ ಕುರುವೆ, ಕುಕ್ಕೆ ಬುಟ್ಟಿಗಳು; ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಬೂರು, ಅಂದರೆ ಕಾಡುಬಳ್ಳಿಯ ಕಟ್ಟು. ಒಂದು ಬಳ್ಳಿಯ ಸಿಪ್ಪೆ ಹೆರೆದು, ತುದಿಗೆ ಕತ್ತಿಯ ಮೊನೆ ತಾಗಿಸಿ, ಉಳಿದ ಕೆಲಸವನ್ನು ಬೆರಳಿಗೇ ಬಿಟ್ಟರು. ಸೀಳು ಒಂದು ಬದಿಗೆ ವಾಲಿದರೆ ದಪ್ಪಗಿರುವ ಬದಿಯನ್ನು ಬಗ್ಗಿಸಿ ಎಳೆಯುತ್ತಾರೆ. ಸೀಳು ತಾನಾಗಿ ನಡುವಿಗೆ ಬರುತ್ತದೆ. ಮಾರುದ್ದದ ಬಳ್ಳಿ ತುದಿಯವರೆಗೂ ಸಮನಾಗಿ ಎರಡಾಯಿತು. ನೋಡುತ್ತಾ ನಾನು ಉಸಿರು ಬಿಗಿಹಿಡಿದಿದ್ದೆ.

ಹೆಣೆಯುತ್ತಿದ್ದ ಬುಟ್ಟಿಯ ಬುಡದಿಂದ ಎದ್ದ ಕಡ್ಡಿಗಳನ್ನು ಎಣಿಸಿದೆ. ಬೆಸ ಸಂಖ್ಯೆ. ಸಿದ್ಧವಾಗಿದ್ದ ಬುಟ್ಟಿಗಳಲ್ಲೂ ಬೆಸವೇ.

"ಯಾಕೆ ಅಜ್ಜಿ, ಒಂದು ಹೆಚ್ಚು?"

"ಸಮ ಆದ್ರೆ ಬೂರು ಸುತ್ತಿ ಬಂದು ಪುನಃ ಅದೇ ದಾರಿ ಹಿಡೀತದೆ ಮಗಾ. ಒಂದು ಹೆಚ್ಚಿದ್ರೆ, ಮೊದಲು ಮೇಲೆ ಹೋದಲ್ಲಿ ಮತ್ತೆ ಅಡಿಗೆ ಹೋಗ್ತದೆ. ಆಗಲೇ ಬುಟ್ಟಿ ಗಟ್ಟಿ."

ಕೈಯಲ್ಲಿ ಅಳತೆಪಟ್ಟಿ ಇಲ್ಲ, ಅಚ್ಚು ಇಲ್ಲ. ಗೇಣು ಮತ್ತು ಬೆರಳು, ಅಷ್ಟೇ. ಆದರೂ ಬುಟ್ಟಿಯ ಬಾಯಿ ಚಂದ್ರನಷ್ಟು ದುಂಡಗಿತ್ತು.

ತುಳುನಾಡಿನ ಬೇಸಾಯ ನಡೆದದ್ದೇ ಈ ಬುಟ್ಟಿಗಳ ಮೇಲೆ. ಗೊಬ್ಬರ ಹೊರಲು, ಅಡಿಕೆ ಹೆಕ್ಕಲು, ಮೀನು ತರಲು. ಸೆಗಣಿ ಬಳಿದು ಸಂದು ಮುಚ್ಚಿದರೆ ಅಕ್ಕಿ, ಭತ್ತ ಇಡಲು. ಬುಟ್ಟಿ ಅಂಗಳ ದಾಟಿ ಉಗ್ರಾಣದವರೆಗೆ ಹೋಯಿತು. ಹೆಣೆದವರನ್ನು ಅಂಗಳದಾಚೆಯೇ ನಿಲ್ಲಿಸಿದರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಲು 2000ನೇ ಇಸವಿ ಬರಬೇಕಾಯಿತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ವಿಶೇಷವಾಗಿ ದುರ್ಬಲವೆಂದು ಕೇಂದ್ರ ಸರ್ಕಾರ ಗುರುತಿಸಿದ ಬುಡಕಟ್ಟುಗಳು ಕರ್ನಾಟಕದಲ್ಲಿ ಎರಡು: ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಕೊರಗರಿದ್ದದ್ದು ಸುಮಾರು 15 ಸಾವಿರ ಮಂದಿ.

ಎದುರಿಗೇ ರಿಕ್ಷಾಗಳು ಹಾದು ಹೋಗುತ್ತಿದ್ದವು, ಗಾಜಿನ ಮೇಲೆ 'ಸ್ವಾಮಿ ಕೊರಗಜ್ಜ'. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಒಳಹೊಕ್ಕರೆ ಕುತ್ತಾರು, ಕೊರಗಜ್ಜನ ಕಟ್ಟೆಗಳ ಊರು. ಮೈರಕ್ಕೆ ಬೈದೆದಿ ಸಾಕಿದ ಅನಾಥ ಹುಡುಗ ಕೊರಗ ತನಿಯನೇ ಇಲ್ಲಿ ಕೊರಗಜ್ಜನೆಂಬ ದೈವ. ಕಳೆದುಹೋದ ವಸ್ತು ಸಿಗಲೆಂದು ಜಾತಿ ಮತ ನೋಡದೆ ಜನ ಅವನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹರಕೆ ಹೇಳುತ್ತಾರೆ. ಅಷ್ಟು ನಂಬುವ ಊರಿನಲ್ಲಿ ಅವನ ಕುಲದವರ ಬುಟ್ಟಿಗೆ ಹತ್ತು ರೂಪಾಯಿ ಕಡಿಮೆ ಮಾಡಿ ಎಂದು ಗಿರಾಕಿಗಳು ಹಠ ಹಿಡಿಯುವುದನ್ನು ನನಗೆ ನೋಡಲಾಗಲಿಲ್ಲ.

ಪ್ಲಾಸ್ಟಿಕ್ ಬುಟ್ಟಿ ಬಂದದ್ದು ಒಂದು ಪೆಟ್ಟು. ಅದಕ್ಕಿಂತ ದೊಡ್ಡದು, ಬೂರು ಸಿಗದಿರುವುದು. ಗುಡ್ಡಗಳಲ್ಲಿ ಅಕೇಶಿಯಾ, ರಬ್ಬರ್ ಎದ್ದಲ್ಲಿ ಕಾಡುಬಳ್ಳಿಗೆ ಹಬ್ಬಲು ಕಾಡಿನ ಮರವಿಲ್ಲ. ಬಿದಿರು, ಬೆತ್ತದಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೆ ಕೊಟ್ಟಿದೆ. ಆದರೆ ಹಕ್ಕಿದ್ದ ಮಾತ್ರಕ್ಕೆ ಬಳ್ಳಿ ಹುಟ್ಟುವುದಿಲ್ಲ. ಅಜ್ಜಿ ಈಗ ಬೆಳಗ್ಗೆ ಬೇಗ ಹೊರಟು, ಬಸ್ಸಿಳಿದ ಮೇಲೂ ಗುಡ್ಡ ಹತ್ತಿ ಹುಡುಕುತ್ತಾರೆ. ತಂದದ್ದು ಒಣಗುವ ಮೊದಲು ಹೆಣೆದು ಮುಗಿಸಬೇಕು.

ಹೇಳಿದಷ್ಟೇ ಹಣ ಕೊಟ್ಟು ಕುರುವೆಯೊಂದನ್ನು ಎತ್ತಿಕೊಂಡು, ಮನೆಯಲ್ಲಿ ಕಲಿಯುವವರು ಇದ್ದಾರಾ ಎಂದೆ.

"ಮೊಮ್ಮಗಳು ಉಂಟಲ್ಲ, ಕಾಲೇಜಿಗೆ ಹೋಗ್ತಾಳೆ. ಬುಡ ಹಾಕ್ಲಿಕ್ಕೆ ಬರ್ತದೆ ಅವಳಿಗೆ. ಬಾಯಿ ಕಟ್ಲಿಕ್ಕೆ ಇನ್ನೂ ಬರುವುದಿಲ್ಲ. ರಜೆ ಸಿಗಲಿ, ಕೂರಿಸಿ ಕಲಿಸ್ತೇನೆ."