ಕುಂಕುಮ ಕೂತ ಜಾಗ

ನಮ್ಮ ನಡುಮನೆಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯೊಬ್ಬಳಿದ್ದಾಳೆ. ಅವಳ ಕುಂಕುಮ ಹಣೆಯಲ್ಲಿಲ್ಲ, ಹುಬ್ಬಿನ ಮೇಲಿದೆ. ಕೆಂಪು ಬಣ್ಣದ ಅಚ್ಚು ತುಸು ಸರಿದುದರ ಫಲ. ಮುದ್ರಣಾಲಯದಲ್ಲಿ ಕರಡಚ್ಚು ತಿದ್ದಿಯೇ ತಲೆ ನರೆಸಿಕೊಂಡ ನನಗೆ ಅದು ಕಣ್ಣಿಗೆ ಚುಚ್ಚುತ್ತದೆ. ಅಕ್ಕನಿಗೆ ಹಾಗಿಲ್ಲ. “ದೇವರಲ್ಲೂ ತಪ್ಪು ಹುಡುಕಬೇಡವೋ” ಎನ್ನುತ್ತಾಳೆ.

ಕಳೆದ ವರ್ಷ ಅದೇ ಅಕ್ಕನ ತಲೆಯೊಳಗೆ ಗಡ್ಡೆಯೊಂದು ಕಾಣಿಸಿಕೊಂಡಿತು. ಡಾಕ್ಟರು ಪರದೆಯ ಮೇಲೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ತೋರಿಸಿದರು. ಸಿ.ಟಿ.ಯಲ್ಲಿ ಮೂಳೆ ಸ್ಪಷ್ಟ, ಎಂ.ಆರ್.ಐ.ಯಲ್ಲಿ ಮಿದುಳಿನ ಮೆತುಭಾಗ ಸ್ಪಷ್ಟ. ಒಂದು ಸೋಮವಾರ ತೆಗೆದದ್ದು, ಇನ್ನೊಂದು ಗುರುವಾರ. ಎರಡು ದಿನವೂ ಅಕ್ಕ ತಲೆಯನ್ನು ಒಂದೇ ಓರೆಯಲ್ಲಿಟ್ಟು ಮಲಗಿದ್ದಳೆಂದು ಯಾರು ಹೇಳಬೇಕು? ನನ್ನ ಕಣ್ಣೆದುರು ಲಕ್ಷ್ಮಿಯ ಹುಬ್ಬು ಸುಳಿಯಿತು. “ಎರಡೂ ಸರಿಯಾಗಿ ಕೂತಿವೆಯೆಂದು ಹೇಗೆ ನಂಬುವುದು, ಸ್ವಾಮಿ?” ಎಂದು ಕೇಳಿಯೇಬಿಟ್ಟೆ.

ತರುಣ ಡಾಕ್ಟರು ಬೇಸರಪಡಲಿಲ್ಲ. ತಲೆಬುರುಡೆ ಗಟ್ಟಿಯಾದ್ದರಿಂದ, ಮೂರು ದಿಕ್ಕಿನ ಸರಿತ, ಮೂರು ಬಗೆಯ ತಿರುವು, ಈ ಆರು ಅಂಕಿ ಸಿಕ್ಕರೆ ಸಾಕಂತೆ. ಆದರೆ ಸಿ.ಟಿ.ಯಲ್ಲಿ ಬೆಳ್ಳಗಿರುವ ಮೂಳೆ ಎಂ.ಆರ್.ಐ.ಯಲ್ಲಿ ಕಪ್ಪು. ಬಿಳಿಗೆ ಬಿಳಿ ಕೂಡಿಸಹೋದರೆ ಕೆಟ್ಟಿತು! ಆದ್ದರಿಂದ ಒಂದು ಚಿತ್ರದ ಛಾಯೆಯಿಂದ ಇನ್ನೊಂದರ ಛಾಯೆಯನ್ನು ಎಷ್ಟರಮಟ್ಟಿಗೆ ಊಹಿಸಬಹುದೆಂದು ಅಳೆಯುವ ಉಪಾಯವನ್ನು 1995ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲೂ ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲೂ ಕಂಡುಕೊಂಡರು.

ಇಂಥ ಉಪಾಯಗಳನ್ನು ಎಷ್ಟು ನಂಬಬಹುದು? ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದವರು ಶಸ್ತ್ರಚಿಕಿತ್ಸೆಗೆ ಬಂದವರ ತಲೆಬುರುಡೆಗೆ ಗುರುತುಗಳನ್ನು ನೆಟ್ಟು ಚಿತ್ರ ತೆಗೆದರು. ನಾವು ಕಾಗದದ ಮೂಲೆಯ ಗುರುತನ್ನು ಕತ್ತರಿಸಿಹಾಕುವಂತೆ ಚಿತ್ರದಿಂದ ಅವನ್ನು ಅಳಿಸಿ, ಕೂಡಿಸಿರೆಂದು ಬೇರೆ ಬೇರೆ ತಂಡಗಳಿಗೆ ಕೊಟ್ಟರು. ಸರಿಯುತ್ತರ ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. 1997ರಲ್ಲಿ ಹೊರಬಂದ ಫಲಿತಾಂಶ ಇದು: ಬಹಳ ಸಲ ಯಂತ್ರದ ಲೆಕ್ಕ ಸರಿ, ಒಮ್ಮೊಮ್ಮೆ ದೊಡ್ಡ ತಪ್ಪು, ಆದ್ದರಿಂದ ಕಣ್ಣಿನಿಂದ ನೋಡದೆ ಬಿಡಬಾರದು.

“ಅಂದರೆ ಕರಡು ತಿದ್ದುವವನೊಬ್ಬ ಬೇಕೇ ಬೇಕು” ಎಂದೆ. ಡಾಕ್ಟರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಒಂದು ಚಿತ್ರವನ್ನು ಮಸುಕುಮಾಡಿ, ಇನ್ನೊಂದನ್ನು ಮೇಲಕ್ಕೆ ತಂದು, ಅಂಚಿನ ಉದ್ದಕ್ಕೂ ಮತ್ತೊಮ್ಮೆ ನೋಡುತ್ತಾ ಹೋದರು. ಅಷ್ಟು ಹೊತ್ತೂ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಅಕ್ಕ ಈಗ ಮನೆಯಲ್ಲಿದ್ದಾಳೆ. ಕೂದಲು ಇನ್ನೂ ಗಿಡ್ಡ. ನಿನ್ನೆ ಬೆಳಿಗ್ಗೆ ಕುಂಕುಮ ಇಟ್ಟುಕೊಂಡು, “ನೋಡೋ, ನೆಟ್ಟಗಿದೆಯೇನೋ?” ಎಂದಳು.

ತುಸು ಎಡಕ್ಕೆ ಸರಿದಿತ್ತು. “ಸರಿಯಾಗಿದೆ ಅಕ್ಕ” ಎಂದೆ.