ಗೂಳೂರು ಗಣಪ ಮತ್ತು ಸಾವಿನ ಭಯ

ಬೇರೆ ಊರುಗಳಲ್ಲಿ ಚೌತಿಗೆ ಗಣಪ ಬಂದು ಹೋದರೆ, ನಮ್ಮ ಗೂಳೂರಲ್ಲಿ ಆಗಿನ್ನೂ ಮಣ್ಣಿನ ಕೆಲಸ ಶುರು. ಬಲಿಪಾಡ್ಯಮಿಗೆ ಮಹಾಗಣಪ ಸಿದ್ಧ, ಕಾರ್ತಿಕವೆಲ್ಲ ಪೂಜೆ, ಆಮೇಲೆ ಕೆರೆ. ಕರಗುವ ಮೂರ್ತಿ ಅಂತ ಯಾರೂ ಕಣ್ಣು, ಸೊಂಡಿಲು ತಿದ್ದುವುದರಲ್ಲಿ ಕೈ ಬಿಗಿ ಹಿಡಿಯುವುದಿಲ್ಲ.

ಕರಗುತ್ತದೆ ಅಂತ ಗೊತ್ತಿದ್ದೂ ತೋರುವ ಈ ಅಕ್ಕರೆ ನೋಡಿದಾಗಲೆಲ್ಲ, ಸಾವಿನ ಅರಿವಿನೊಂದಿಗೆ ಬದುಕುವುದರ ಬಗ್ಗೆ ಬರೆದ ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೊಮ್ ನೆನಪಾಗುತ್ತಾರೆ. ಅಸ್ತಿತ್ವವಾದಿ ಮನೋಚಿಕಿತ್ಸೆಯ ಬಗ್ಗೆ 1980ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿ ಅವರು ಮನುಷ್ಯನ ಕಳವಳದ ಬೇರುಗಳನ್ನು ನಾಲ್ಕರಲ್ಲಿ ಹುಡುಕಿದರು: ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ.

ಸಾವು ನೆನೆದು ರಾತ್ರಿ ಎದೆ ಡವಗುಟ್ಟಿ ಎದ್ದು ಕೂತವರಿಗೆ ನಾವು 'ಏನೂ ಆಗಲ್ಲ, ಮಲಕ್ಕೊಳ್ಳಿ' ಅಂತೀವಿ. ಈ ದಾರಿಯ ಚಿಕಿತ್ಸಕರು ಹಾಗೆ ಮುಚ್ಚಿಹಾಕುವುದಿಲ್ಲ. 'ಸಾವಿನಲ್ಲಿ ನಿಮ್ಮನ್ನು ಹೆದರಿಸೋದು ಯಾವುದು?' ಅಂತ ನೇರವಾಗಿ ಕೇಳುತ್ತಾರೆ. ಆ ಮಾತು ನಿಧಾನಕ್ಕೆ, ಅರ್ಧಕ್ಕೆ ಬಿಟ್ಟ ಓದಿನತ್ತಲೋ, ಮಾತುಕತೆ ನಿಂತುಹೋದ ಅಣ್ಣನತ್ತಲೋ ಹೊರಳಬಹುದು. ಬದುಕದೆ ಉಳಿದ ಬದುಕು ಹೆಚ್ಚಿದಷ್ಟೂ ಸಾವಿನ ಭಯ ಹೆಚ್ಚು ಅನ್ನುವುದು ಯಾಲೊಮ್ ಅವರ ನಂಬಿಕೆ.

ನಮ್ಮ ಆಯ್ಕೆಗಳಿಗೆ ನಾವೇ ಹೊಣೆ ಅನ್ನುವ ಸ್ವಾತಂತ್ರ್ಯದ ವಿಚಾರದಲ್ಲಿ ಮಾತ್ರ ನನಗೆ ತಕರಾರಿದೆ. ಸಾಲ, ಜಾತಿ, ಅತ್ತೆಮನೆ ಮೂರೂ ಹೆಗಲ ಮೇಲಿರುವ ಹೆಣ್ಣುಮಗಳಿಗೆ 'ಆಯ್ಕೆ ನಿಮ್ಮದೇ' ಅಂದರೆ ಅದು ಚಿಕಿತ್ಸೆಯಲ್ಲ, ಉಪದೇಶ. ಅವಳ ಕೈಗೆ ಎಟುಕುವ ಆಯ್ಕೆ ಎಷ್ಟು ಅಂತ ಮೊದಲು ಜೊತೆಗೆ ಕೂತು ನೋಡಬೇಕು.

ಅಂದಹಾಗೆ, ಸಾಯುವ ಯೋಚನೆಯೇ ಕಾಡುತ್ತಿದ್ದರೆ ತತ್ವಶಾಸ್ತ್ರಕ್ಕೆ ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.